‘ಅಧಿಭೋಗದಾರ’ ಅಂದರೆ ಯಾರು? ಒಂದು ಕಲ್ಯಾಣ ಮಂಟಪ ಮತ್ತು ಅಗ್ನಿ ಸುರಕ್ಷತಾ ಕಾನೂನು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ)

ಸಾಹಿತ್ಯ ಓದುವವನು ಬೆಂಕಿಯ ಕಾನೂನಿನ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಒಂದು ಪದ.

ನಮ್ಮೂರು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ, ತರಕಾರಿ ಮಾರುಕಟ್ಟೆಗೆ ಹೆಸರಾದ ಊರು. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳ ಹಾಗೆ ನಮ್ಮ ಮನೆಯಲ್ಲೂ ಮಾತು ಕನ್ನಡ, ಓದುಬರಹ ತಮಿಳು. ನನ್ನ ಸೋದರಮಾವ ಅಲ್ಲಿನ ಒಂದು ಕಲ್ಯಾಣ ಮಂಟಪ ನೋಡಿಕೊಳ್ತಾರೆ. ಮಾಲೀಕರು ಇರೋದು ಬೇರೆ ಊರಲ್ಲಿ. ಒಬ್ಬ ಇಂಜಿನಿಯರ್ ಮಂಟಪ ಪರಿಶೀಲಿಸಿ ಇಂಗ್ಲಿಷಿನಲ್ಲಿ ವರದಿ ಕೊಟ್ಟಿದ್ದರು. ಮಾವ ಅದರ ಫೋಟೋ ಕಳಿಸಿ, “ಇದರಲ್ಲಿ ನನ್ನ ಕೆಲಸ ಯಾವುದು, ಮಾಲೀಕರ ಕೆಲಸ ಯಾವುದು, ಬಿಡಿಸಿ ಹೇಳಪ್ಪ” ಅಂದರು.

ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಸಿಕ್ಕಿದ್ದೇ ಈ ಪದ. ತಮಿಳುನಾಡಿನ 1985ರ ಅಗ್ನಿಶಾಮಕ ಸೇವಾ ಕಾಯ್ದೆಯಾಗಲಿ, ಕರ್ನಾಟಕದ 1964ರ ಅಗ್ನಿಶಾಮಕ ದಳ ಕಾಯ್ದೆಯಾಗಲಿ, ಮುನ್ನೆಚ್ಚರಿಕೆಯ ಹೊಣೆಯನ್ನು ಮಾಲೀಕನೊಬ್ಬನ ಮೇಲೆಯೇ ಹೊರಿಸುವುದಿಲ್ಲ. ಕಟ್ಟಡವನ್ನು ತನ್ನ ಸ್ವಾಧೀನದಲ್ಲಿಟ್ಟುಕೊಂಡು ಬಳಸುವವನನ್ನೂ ಸೇರಿಸುತ್ತವೆ. ಇವನಿಗೆ ಕನ್ನಡದ ಕಾನೂನು ಬರಹದಲ್ಲಿ ‘ಅಧಿಭೋಗದಾರ’ ಅಂತ ಹೆಸರು. ‘ಭೋಗ’ ಅಂದ ಕೂಡಲೇ ನಮಗೆ ಹೊಳೆಯುವುದು ಅನುಭವಿಸುವ ಸುಖ. ಕಾನೂನು ಅದೇ ಪದದ ಮೇಲೆ ಹೊಣೆಯನ್ನು ಹೇರಿದೆ. ಸಂಬಳಕ್ಕಿರುವ ಮ್ಯಾನೇಜರ್ ಅಧಿಭೋಗದಾರ ಹೌದೋ ಅಲ್ಲವೋ ಅನ್ನೋದು ವಕೀಲರ ವಾದ. ಆದರೆ ಮದುವೆಯ ದಿನ ಬೀಗದ ಕೈ ಇರೋದು ಅವರ ಸೊಂಟದಲ್ಲೇ.

ಬೀಗದ ಕೈ ಯಾಕೆ ಮುಖ್ಯ? ಮೂರು ಘಟನೆ ನೆನಪಿಸುತ್ತೇನೆ. 2004ರ ಜನವರಿ 23ರಂದು ಶ್ರೀರಂಗಂನ ಕಲ್ಯಾಣ ಮಂಟಪವೊಂದರಲ್ಲಿ ಗರಿ ಚಪ್ಪರಕ್ಕೆ ಬೆಂಕಿ ಹತ್ತಿ ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅಲ್ಲಿ ಹೊಗೆ ಮಹಡಿಯಿಂದ ಮಹಡಿಗೆ ತುಂಬಿಕೊಂಡಿತ್ತು, ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು ಅಂತ ವರದಿಯಾಯಿತು. 2024ರ ಡಿಸೆಂಬರ್ 12ರ ರಾತ್ರಿ ನಮ್ಮ ದಿಂಡಿಗಲ್‌ನಲ್ಲೇ ಒಂದು ಖಾಸಗಿ ಆಸ್ಪತ್ರೆಗೆ ಬೆಂಕಿ ಬಿದ್ದು, ಒಬ್ಬ ಹುಡುಗಿಯೂ ಸೇರಿ 6 ಮಂದಿ ತೀರಿಕೊಂಡರು. ಅವರು ಲಿಫ್ಟಿನೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದರು ಅಂತ ಪತ್ರಿಕೆಗಳು ಬರೆದವು. ಇಂಥ ಕಡೆ ಜನರನ್ನು ಮೊದಲು ಕೆಡವುವುದು ಸಾಮಾನ್ಯವಾಗಿ ಹೊಗೆ. ಹೊರಬರಲು ಸಿಗುವ ಸಮಯ ಕೆಲವೇ ನಿಮಿಷ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಇದರ ಬಗ್ಗೆಯೇ ಇದೆ. ಮೆಟ್ಟಿಲಿನ ಅಗಲ, ಬಾಗಿಲುಗಳ ಸಂಖ್ಯೆ ಇವೆಲ್ಲ ಕಟ್ಟುವಾಗಲೇ ತೀರ್ಮಾನ ಆಗಬೇಕಾದವು. ಜನ ಸೇರುವ ಕಟ್ಟಡದಲ್ಲಿ ಮೆಟ್ಟಿಲು ಕನಿಷ್ಠ 2 ಮೀಟರ್ ಅಗಲ ಇರಬೇಕು. ಇಲ್ಲದಿದ್ದರೆ ಮಾವ ಏನು ಮಾಡಲಾದೀತು? ಅದು ಮಾಲೀಕರ ಲೆಕ್ಕ. ಆದರೆ ಅದೇ ಸಂಹಿತೆಯಲ್ಲಿ ಇನ್ನೊಂದು ಮಾತಿದೆ: ನಿರ್ಗಮನದ ಬಾಗಿಲು ಒಳಗಿರುವವರಿಗೆ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಇದು ದಿನದಿನವೂ ಪಾಲಿಸಬೇಕಾದ ಮಾತು.

ಇದನ್ನು ಹೇಳಿದಾಗ ಮಾವ ಒಪ್ಪಲಿಲ್ಲ. “ಹಿಂದಿನ ಬಾಗಿಲು ತೆಗೆದಿಟ್ರೆ ಪಾತ್ರೆ ಹೋಗುತ್ತೆ, ನನ್ನ ಸಂಬಳದಲ್ಲಿ ಹಿಡೀತಾರೆ. ಬೆಂಕಿ ಯಾವಾಗ್ಲೋ ಒಂದ್ಸಲ, ಕಳ್ಳ ಪ್ರತಿ ಮುಹೂರ್ತಕ್ಕೂ ಬರ್ತಾನೆ” ಅಂದರು. ಇದನ್ನು ಉಡಾಫೆಯ ಮಾತು ಅಂತ ತಳ್ಳಿಹಾಕೋಕೆ ಆಗಲ್ಲ. ಕಾನೂನು ಬಾಗಿಲು ತೆರೆ ಅನ್ನುತ್ತೆ, ನೌಕರಿ ಮುಚ್ಚು ಅನ್ನುತ್ತೆ. ನಡುವೆ ನಿಂತವರ ಹೆಸರು ವರದಿಯಲ್ಲಿ ಎಲ್ಲೂ ಇರಲಿಲ್ಲ.

ಕೊನೆಗೆ ನಾನು ವರದಿಯನ್ನು ಅನುವಾದಿಸೋದು ಬಿಟ್ಟು, ನಮ್ಮ ಮನೆ ಮಾತಿನಲ್ಲಿ ಐದು ವಿಷಯ ಹೇಳಿ ಧ್ವನಿ ಸಂದೇಶ ಕಳಿಸಿದೆ:

1. ಜನ ಒಳಗಿದ್ದಷ್ಟು ಹೊತ್ತು ಯಾವ ಬಾಗಿಲಿಗೂ ಬೀಗ ಬೇಡ. ಹಿಂದಿನ ಬಾಗಿಲಿಗೆ ಒಳಗಿನಿಂದ ಎಳೆಯುವ ಚಿಲಕ ಸಾಕು. ಕಳ್ಳರ ಭಯ ಇದ್ದರೆ ಅಲ್ಲೊಬ್ಬರನ್ನು ಕೂರಿಸಿ.
2. ಮೆಟ್ಟಿಲ ಮೇಲೆ ಕುರ್ಚಿ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಇಡಬೇಡಿ.
3. ಬೆಂಕಿ ಬಿದ್ದಾಗ ಲಿಫ್ಟಿಗೆ ಯಾರನ್ನೂ ಬಿಡಬೇಡಿ.
4. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ನೋಡ್ತಾ ಇರಿ. ಕಾದ ಎಣ್ಣೆಗೂ ಕರೆಂಟಿನ ಬೆಂಕಿಗೂ ನೀರು ಹಾಕಬೇಡಿ.
5. ಜನರನ್ನು ಹೊರಗೆ ಕಳಿಸುತ್ತಲೇ 101 ಅಥವಾ 112ಕ್ಕೆ ಫೋನ್ ಮಾಡಿ.

ಇದು ಕಾನೂನಿನ ಪೂರ್ಣ ಪಾಠ ಅಲ್ಲ. ಲೈಸೆನ್ಸ್, ಪರಿಶೀಲನೆ, ಮೆಟ್ಟಿಲಿನ ಅಗಲ ಎಲ್ಲಾ ಬೇಕೇ ಬೇಕು. ಆದರೆ ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲಿರುತ್ತೆ. ಬಾಗಿಲ ಹತ್ತಿರ ಇರೋದು ಒಬ್ಬ ಮನುಷ್ಯ. ಕಾನೂನು ಅವನ ಮಾತಿನಲ್ಲಿ ಅವನನ್ನು ತಲುಪದಿದ್ದರೆ ಪಾಲನೆ ಅನ್ನೋದು ಕಾಗದದಲ್ಲೇ ಉಳಿಯುತ್ತೆ. ಆಡಳಿತ ಭಾಷೆಯ ಬಗ್ಗೆ ಚರ್ಚೆ ಮಾಡುವ ನಾವು ಪದಕೋಶದ ಆಚೆಗೆ ಇದನ್ನೂ ಕೇಳಿಕೊಳ್ಳಬೇಕು.

ಈಗ ಆ ಬಾಗಿಲಿಗೆ ಬೀಗ ಹೋಗಿ ಚಿಲಕ ಬಂದಿದೆ. ಕಾವಲಿಗೆ ಒಬ್ಬರ ಕೂಲಿಯನ್ನು ಮಾಲೀಕರು ಒಪ್ಪಿಕೊಂಡಿದ್ದಾರೆ. ಕುರ್ಚಿಗಳು ಮಾತ್ರ ಮೊನ್ನೆಯೂ ಮೆಟ್ಟಿಲ ಮೇಲೇ ಇದ್ದವು. ಮಾವನಿಗೆ ಇವತ್ತು ಸಂಜೆ ಮತ್ತೆ ಫೋನ್ ಮಾಡಬೇಕು.