ರಕ್ತದ ಕಬ್ಬಿಣ ಹೃದಯಕ್ಕೆ ಭಾರವಾದಾಗ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಥಲಸ್ಸೇಮಿಯಾ ಬಗ್ಗೆ ಓದುತ್ತೇವೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಆದರೆ ನಮ್ಮ ದಾವಣಗೆರೆಯ ಬಾಪೂಜಿ ಮಕ್ಕಳ ಆಸ್ಪತ್ರೆಗೆ ಈ ಕಾಯಿಲೆಯ ಮಕ್ಕಳು ರಕ್ತ ಹಾಕಿಸಿಕೊಳ್ಳಲು ಮತ್ತೆ ಮತ್ತೆ ಬರುತ್ತಾರೆ. ಅವರ ದೇಹದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ತೀವ್ರ ಥಲಸ್ಸೇಮಿಯಾ ಇದ್ದರೆ 2ರಿಂದ 4 ವಾರಕ್ಕೊಮ್ಮೆ ರಕ್ತ ಬೇಕೇ ಬೇಕು.

ಜೀವ ಉಳಿಸುವ ಈ ರಕ್ತದ ಜೊತೆಗೇ ಕಬ್ಬಿಣವೂ ಒಳಗೆ ಬರುತ್ತದೆ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹದಿಂದ ದಿನಕ್ಕೆ ಹೊರಹೋಗುವುದು 1ರಿಂದ 2 ಮಿಲಿಗ್ರಾಂ ಮಾತ್ರ. 3 ವಾರಕ್ಕೊಂದು ಚೀಲದ ಲೆಕ್ಕ ಹಿಡಿದರೆ ವರ್ಷಕ್ಕೆ 3 ಗ್ರಾಂ ದಾಟುತ್ತದೆ. ಆರೋಗ್ಯವಂತ ವಯಸ್ಕರ ಇಡೀ ದೇಹದಲ್ಲಿ ಇರುವುದೇ 3ರಿಂದ 4 ಗ್ರಾಂ! ನಮ್ಮ ಜಿಲ್ಲೆಯ ಶಾಂತಿಸಾಗರಕ್ಕೆ ನೀರು ಹೊರಬಿಡಲು ತೂಬುಗಳಿವೆ. ದೇಹದ ಕಬ್ಬಿಣಕ್ಕೆ ಅಂಥ ತೂಬಿಲ್ಲ.

ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನಿನ ಹೆಸರು ಟ್ರಾನ್ಸ್‌ಫೆರಿನ್. ಅದು ಭರ್ತಿಯಾದ ಮೇಲೆ ಉಳಿದ ಕಬ್ಬಿಣ ಯಕೃತ್ತು, ಗ್ರಂಥಿಗಳು ಮತ್ತು ಹೃದಯದ ಸ್ನಾಯುವಿನಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಜೀವಕೋಶಗಳಿಗೆ ಹಾನಿಯಾಗಿ ಬಡಿತದ ಲಯ ತಪ್ಪುತ್ತದೆ, ಸ್ನಾಯು ಸೋಲುತ್ತದೆ. ಆರಂಭದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದಲೇ ವೈದ್ಯರು ಆಗಾಗ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣವನ್ನು ಹೊರಹಾಕುವ ಔಷಧಿ ಕೊಡುತ್ತಾರೆ. "ಮಗು ಚೆನ್ನಾಗಿಯೇ ಇದೆಯಲ್ಲ" ಎಂದು ಅದನ್ನು ನಡುವೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಇದರಲ್ಲಿ ನಮಗೇನು ಕೆಲಸ ಎಂದು ಕೇಳಬಹುದು. ಥಲಸ್ಸೇಮಿಯಾ ವಾಹಕರು ನಮ್ಮ ನಿಮ್ಮಂತೆಯೇ ಓಡಾಡಿಕೊಂಡಿರುತ್ತಾರೆ. ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ ಇರಬಹುದು. ಅದನ್ನು ಕಬ್ಬಿಣದ ಕೊರತೆ ಎಂದು ತಿಳಿದು ಸುಮ್ಮನೆ ಮಾತ್ರೆ ನುಂಗುವವರೂ ಇದ್ದಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಸಂಬಂಧದಲ್ಲೇ ಮದುವೆ ಮಾಡುವ ರೂಢಿ ನಮ್ಮ ಭಾಗದ ಅನೇಕ ಸಮುದಾಯಗಳಲ್ಲಿದೆ. ಒಂದೇ ಮನೆತನದಲ್ಲಿ ಈ ದೋಷವಿದ್ದರೆ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು.

ಇದನ್ನು ತಿಳಿಯಲು ಸಿಬಿಸಿ ಮತ್ತು ಎಚ್‌ಬಿಎ2 ಎಂಬ ರಕ್ತಪರೀಕ್ಷೆಗಳಿವೆ. ನಿಕಾಹ್ ಗೊತ್ತುಮಾಡುವ ಮೊದಲು ಹುಡುಗ, ಹುಡುಗಿ ಇಬ್ಬರೂ ಮಾಡಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ವಾಹಕರಾಗಿರುವುದು ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ. ಮನೆಯಲ್ಲಿ ಹಿರಿಯರಿಗೆ ಈ ಮಾತನ್ನು ವಿನಯದಿಂದ ತಿಳಿಸಿ ಹೇಳಬಲ್ಲವರು ಓದಿದ ನೀವೇ.

18 ತುಂಬಿದ, 45 ಕೆ.ಜಿ.ಗಿಂತ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತದಾನ ಮಾಡಬಹುದು. ಬೇಸಿಗೆ ರಜೆಯಲ್ಲೂ ಈ ಮಕ್ಕಳಿಗೆ ರಕ್ತ ಬೇಕು ಎಂಬುದು ನೆನಪಿರಲಿ.