ಮರಳಿನಲ್ಲಿ ಕುಪ್ಪಳಿಸುವ ಪಿಕಪ್ಪು

ಚಳಿಗಾಲ ಬಂತೆಂದರೆ ನಮ್ಮ ಸದಸ್ಯ ಕುಟುಂಬಗಳಿಗೆ ಮರುಭೂಮಿಯ ಹುಚ್ಚು ಹಿಡಿಯುತ್ತದೆ. ನವೆಂಬರಿನಿಂದ ಮಾರ್ಚಿಯವರೆಗೆ ಲಹ್ಬಾಬಿನ ಕೆಂಪು ದಿಬ್ಬಗಳ ಕಡೆಗೋ ಅಲ್ ಖುದ್ರಾದ ಕಡೆಗೋ ಸವಾರಿ ಹೊರಡುತ್ತದೆ. ಮುಂದೆ ನಾಲ್ಕು ಚಕ್ರವೂ ಎಳೆಯುವ ದೊಡ್ಡ ಗಾಡಿಗಳು. ಎಲ್ಲಕ್ಕೂ ಹಿಂದೆ ಜಮಖಾನ, ಒಲೆ, ನೀರಿನ ಕ್ಯಾನು, ಬಿಸಿಬೇಳೆ ಭಾತಿನ ಕೊಳಗ ಹೊತ್ತ ಒಂದು ಪಿಕಪ್ಪು. ತೊಂದರೆ ಕೊಡುವುದು ಬಹುಮಟ್ಟಿಗೆ ಈ ಕೊನೆಯದೇ. ಮರಳು ಮೆತ್ತಗಾದ ಕಡೆ ಇದರ ಹಿಂಭಾಗ ಧಡಧಡನೆ ಕುಪ್ಪಳಿಸತೊಡಗುತ್ತದೆ. ಎಂಜಿನು ಕೂಗುತ್ತದೆ, ಪಾತ್ರೆಗಳು ಕುಣಿಯುತ್ತವೆ, ಗಾಡಿ ಮಾತ್ರ ಒಂದು ಗೇಣೂ ಮುಂದೆ ಹೋಗದು. ಮೋಟಾರು ತಿಳಿದವರು ಇದನ್ನು ವ್ಹೀಲ್ ಹಾಪ್ ಎನ್ನುತ್ತಾರೆ.

ನಾವು ಗ್ಯಾರೇಜಿನವರಲ್ಲ, ರಸಾಯನಶಾಸ್ತ್ರದವರು. ಆದರೆ ನಾವಿರುವ ಬಡಾವಣೆಯ ಹೆಸರು ಸಿಲಿಕಾನ್ ಓಯಸಿಸ್. ಊರಾಚೆಯ ದಿಬ್ಬಗಳ ಮರಳು ಬಹುಪಾಲು ಸಿಲಿಕಾನಿನ ಆಕ್ಸೈಡು. ಲಹ್ಬಾಬಿನಲ್ಲಿ ಅದಕ್ಕೆ ಕೆಂಪು ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡಿನ ತೆಳು ಲೇಪ. ಅಂದಮೇಲೆ ಈ ವಿಷಯದಲ್ಲಿ ಬಾಯಿ ಹಾಕಲು ನಮಗೂ ಅಲ್ಪಸ್ವಲ್ಪ ಹಕ್ಕುಂಟು ಎಂದು ಭಾವಿಸಿದ್ದೇವೆ.

ಈ ಕುಪ್ಪಳಿಕೆಯ ಮೂಲತತ್ತ್ವ ನಮ್ಮ ಸಂಗೀತಪ್ರಿಯ ಸದಸ್ಯರಿಗೆ ಗೊತ್ತಿರುವುದೇ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಸ್ವಲ್ಪ ದೂರ ಎಳೆದೊಯ್ಯುತ್ತದೆ. ಸೆಳೆತ ಮಿತಿ ಮೀರಿದೊಡನೆ ತಂತಿ ಜಾರಿ ಹಿಂದಕ್ಕೆ ಹಾರುತ್ತದೆ. ಕಮಾನು ಮತ್ತೆ ಹಿಡಿಯುತ್ತದೆ. ಹಿಡಿ, ಜಾರು, ಹಿಡಿ, ಜಾರು. ಕಮಾನಿಗೆ ರಾಳ ತಿಕ್ಕುವುದು ಈ ಹಿಡಿತ ಬಿಗಿಯಾಗಲೆಂದೇ. ಮೈಸೂರು ಚೌಡಯ್ಯನವರ ಏಳು ತಂತಿಯ ಪಿಟೀಲಿನಲ್ಲಿ ಅದು ನಾದವಾಯಿತು. ಪಿಕಪ್ಪಿನ ಹಿಂದಿನ ಅಚ್ಚಿನಲ್ಲಿ ಅದೇ ಕ್ರಿಯೆ ಸೆಕೆಂಡಿಗೆ ಹತ್ತರ ಆಸುಪಾಸು ಸಲ ನಡೆದು ಹೊಡೆತವಾಗುತ್ತದೆ.

ಇಲ್ಲಿ ತಂತಿಯ ಕೆಲಸ ಮಾಡುವುದು ಸ್ಪ್ರಿಂಗು. ಸಾಮಾನು ಹೊರುವ ಪಿಕಪ್ಪುಗಳ ಹಿಂಭಾಗದಲ್ಲಿ ಸಾಧಾರಣವಾಗಿ ಇರುವುದು ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಎಂಜಿನು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಅಚ್ಚಿನ ಮನೆ ಅದಕ್ಕೆ ಎದುರು ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ. ಪಟ್ಟಿಗಳು ಹಾವಿನಂತೆ ಡೊಂಕಾಗಿ ಆ ತಿರುಚನ್ನು ಕೂಡಿಟ್ಟುಕೊಳ್ಳುತ್ತವೆ. ಟೈರು ಹಿಡಿತ ಬಿಟ್ಟ ಗಳಿಗೆಯಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಗೇ ಬಿಚ್ಚಿ ಅಚ್ಚನ್ನು ಕೆಳಕ್ಕೆ ಬಡಿಯುತ್ತದೆ. ಟೈರು ಮತ್ತೆ ಕಚ್ಚುತ್ತದೆ. ಒಂದು ಟನ್ನಿನ ಹೊರೆಗೆಂದು ಮಾಡಿದ ಗಟ್ಟಿ ಪಟ್ಟಿಗಳ ಮೇಲೆ ನಾಲ್ಕು ಜಮಖಾನ ಹೇರಿದರೆ ಅವು ಜಗ್ಗುವುದೂ ಇಲ್ಲ. ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿಯಾದರೆ ಹಗುರವಾದ ಹಿಂಭಾಗದ ಮೇಲೆಯೇ ಎಲ್ಲ ಭಾರದ ಕೆಲಸ. ಶಾಕ್ ಅಬ್ಸಾರ್ಬರು ಸವೆದಿದ್ದರೆ, ಪಟ್ಟಿ ಬಿಗಿದ ಯು ಬೋಲ್ಟು ಸಡಿಲವಾಗಿದ್ದರೆ ಕೇಳುವುದೇ ಬೇಡ.

ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ಬಂಧುಗಳೊಬ್ಬರು ಇದಕ್ಕೆ ಸುಲಭ ಮದ್ದು ಹೇಳಿದರು. ಅಲ್ಲಿ ಆಳವಾದ ಹಿಮ ಬಿದ್ದಾಗ ಪಿಕಪ್ಪುಗಳು ಹೀಗೆಯೇ ಕುಪ್ಪಳಿಸುತ್ತವಂತೆ. ಹಿಂದಿನ ಅಚ್ಚಿನ ಮೇಲೆ ನಾಲ್ಕಾರು ಮೂಟೆ ಮರಳು ಹೇರಿದರೆ ಗಾಡಿ ತೆಪ್ಪಗೆ ಹೋಗುತ್ತದಂತೆ. “ನಿಮಗೇನು ಬಿಡಿ, ಮರಳು ಪುಕ್ಕಟೆ!” ಎಂದು ನಕ್ಕರು. ಹಿಮ ನಮ್ಮ ಎಮಿರೇಟ್ಸಿಗೂ ಪೂರ್ತಿ ಅಪರಿಚಿತವೇನಲ್ಲ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಶಿಖರದ ಮೇಲೆ 2004ರಲ್ಲೂ 2009ರಲ್ಲೂ ಬಿದ್ದಿತ್ತು. ಆದರೆ ಮೂಟೆಯ ಮದ್ದು ಇಲ್ಲಿ ನಾಟುವುದಿಲ್ಲ. ಅವರ ಹಿಮದ ಕೆಳಗೆ ಗಟ್ಟಿಯಾದ ರಸ್ತೆಯಿದೆ. ಭಾರ ಹೇರಿದರೆ ಟೈರು ಅದನ್ನು ಮುಟ್ಟುತ್ತದೆ. ನಮ್ಮ ಮರಳಿನ ಕೆಳಗೆ ಇರುವುದು ಮತ್ತೂ ಮರಳೇ. ಹೇರಿದಷ್ಟೂ ಹೂಳುತ್ತದೆ.

ಈ ಭಾರದ ಭ್ರಮೆಯಿಂದಲೇ ಒಂದು ಅಪಾಯಕರ ರೂಢಿ ನಮ್ಮಲ್ಲಿ ಬೆಳೆಯುತ್ತಿದೆ. ಅದನ್ನು ಹೇಳುವುದಕ್ಕೆಂದೇ ಈ ಲೇಖನ. ಕಳೆದ ಚಳಿಗಾಲದಲ್ಲಿ ಮಿತ್ರರೊಬ್ಬರ ಪಿಕಪ್ಪು ಕುಪ್ಪಳಿಸತೊಡಗಿತು. ಹಿರಿಯರೊಬ್ಬರು ಉತ್ಸಾಹದಿಂದ, “ಏ ಹುಡುಗರಾ, ಇಬ್ಬರು ಹಿಂದೆ ಹತ್ತಿ ನಿಂತ್ಕೊಳ್ರೋ, ಭಾರ ಬೀಳ್ಲಿ!” ಎಂದರು. ಹೈಸ್ಕೂಲಿನ ಹುಡುಗರಿಬ್ಬರು ಆಗಲೇ ಹಿಂಬಾಗಿಲಿನ ಮೇಲೆ ಕಾಲಿಟ್ಟಿದ್ದರು. ನಾವು, “ಬೇಡಿ ರಾಯರೇ, ಇಳಿಸಿ ಅವರನ್ನ” ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಅವರಿಗೆ ಬೇಸರವಾಯಿತು, ಆಗಲಿ. ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿದಾಗ ಗಾಡಿ ಮುಂದಕ್ಕೆ ಚಿಮ್ಮುತ್ತದೆ. ನಿಂತಿದ್ದವರು ಹಿಂದಕ್ಕೆ ಬೀಳುತ್ತಾರೆ. ಹಿಂದೆಯೇ ಮತ್ತೊಂದು ಗಾಡಿ ಬರುತ್ತಿರುತ್ತದೆ. ಗಾಡಿ ಹಿಮ್ಮುಖವಾಗಿ ಚಿಮ್ಮಿದರಂತೂ ಬಿದ್ದವರು ಅದರ ಚಕ್ರದಡಿಗೇ. ಭಾರಕ್ಕಾಗಿ ಮನುಷ್ಯರನ್ನು ನಿಲ್ಲಿಸುವುದನ್ನು ನಮ್ಮ ಸಂಘದ ಪ್ರವಾಸಗಳಲ್ಲಿ ಪೂರ್ತಿ ನಿಲ್ಲಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ಮೂಲಕ ಕೇಳಿಕೊಳ್ಳುತ್ತೇವೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಕುಪ್ಪಳಿಕೆ ಶುರುವಾದ ಕ್ಷಣವೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ನಮ್ಮ ಜನ ಇಲ್ಲಿಯೇ ತಪ್ಪುತ್ತಾರೆ. ಇನ್ನೊಂದು ಸಲ ಜೋರಾಗಿ ಒತ್ತಿದರೆ ಹತ್ತಿಬಿಡುತ್ತದೆ ಎಂಬ ಆಸೆ. ಹತ್ತುವುದಿಲ್ಲ. ಪ್ರತಿಯೊಂದು ಹೊಡೆತವೂ ಯೂನಿವರ್ಸಲ್ ಜಾಯಿಂಟಿಗೆ, ಡಿಫರೆನ್ಷಿಯಲಿನ ಹಲ್ಲುಗಳಿಗೆ ಸುತ್ತಿಗೆಯ ಪೆಟ್ಟು. ಶಾಫ್ಟು ಮುರಿದರೆ ಗಾಡಿಯನ್ನು ಎಳೆದು ತರುವ ಖರ್ಚು ಬೇರೆ.

ಆಮೇಲೆ ಕೆಳಗಿಳಿದು ಟೈರಿನ ಗಾಳಿ ನೋಡಿ. ಟಾರು ರಸ್ತೆಯ ಮೂವತ್ತು, ಮೂವತ್ತೈದು ಪೌಂಡು ಮರಳಿಗೆ ಬಹಳ ಹೆಚ್ಚು. ಹದಿನೈದಕ್ಕೆ, ಅಂದರೆ ಸುಮಾರು ಒಂದು ಬಾರಿಗೆ ಇಳಿಸಿದರೆ ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಂಡು ಒಂಟೆಯ ಪಾದದಂತಾಗುತ್ತದೆ. ಒಂಟೆಗೆ ಇದನ್ನು ಯಾರೂ ಕಲಿಸಲಿಲ್ಲ! ಮರಳಿಗೆ ಇಳಿಯುವ ಮೊದಲೇ ಗಾಳಿ ಇಳಿಸಿದ್ದರೆ ಅರ್ಧಕ್ಕರ್ಧ ರಗಳೆ ಇರುವುದಿಲ್ಲ. ಚಕ್ರದ ಮುಂದೆ ಹಿಂದೆ ಸಲಿಕೆಯಿಂದ ಮರಳು ಸರಿಸಿ, ತಾನು ಬಂದ ಗಾಲಿಜಾಡಿನಲ್ಲಿಯೇ ಮೆಲ್ಲಗೆ ಹಿಂದಕ್ಕೆ ಬಂದು, ಆ ಅದುಮಿದ ನೆಲದಿಂದ ಮತ್ತೆ ಒಂದೇ ಸಮನೆ ಹೊರಡಬೇಕು. ನಾಲ್ಕು ಚಕ್ರದ ಗಾಡಿಯಾದರೆ ಅದನ್ನು ಸಿಕ್ಕಿಕೊಳ್ಳುವ ಮೊದಲೇ ಹಾಕಿರಬೇಕು. ದಿಬ್ಬದ ಏರಿನಲ್ಲಿ ಕುಪ್ಪಳಿಸಿದರೆ ಗಾಡಿ ತಿರುಗಿಸುವ ಸಾಹಸ ಬೇಡ. ಅಡ್ಡಕ್ಕೆ ನಿಂತ ಗಾಡಿ ಉರುಳುತ್ತದೆ. ನೇರವಾಗಿ ಹಿಮ್ಮುಖ ಇಳಿಯಿರಿ.

ಸಾಧ್ಯವಿದ್ದಷ್ಟೂ ಬೆಳಗ್ಗೆಯೇ ಹೋಗಿ. ರಾತ್ರಿಯ ಇಬ್ಬನಿಯಿಂದ ಮೇಲಿನ ಮರಳಿಗೆ ತುಸು ತೇವ ತಗುಲಿದ್ದರೆ ಕಣಕಣಗಳ ನಡುವೆ ನೀರಿನ ಸಣ್ಣ ಸೇತುವೆಗಳು ಕಟ್ಟಿಕೊಂಡು ಅವನ್ನು ಹಿಡಿದಿಡುತ್ತವೆ. ಮಲ್ಪೆಯ ದಂಡೆಯಲ್ಲಿ ಗುಬ್ಬಿಗೂಡು ಕಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದರ ಬಿಸಿಲಿಗೆ ಆ ಸೇತುವೆಗಳೆಲ್ಲ ಆರಿಹೋಗಿ, ಅದೇ ದಿಬ್ಬ ಸಕ್ಕರೆಯ ರಾಶಿಯಂತೆ ಜಾರುತ್ತದೆ.

ವಾಪಸು ಬರುವಾಗ ಟಾರು ರಸ್ತೆ ಹತ್ತುವ ಮೊದಲು ಗಾಳಿ ತುಂಬಿಸಲೇಬೇಕು. ಮೆತ್ತಗಿನ ಟೈರು ಹೆದ್ದಾರಿಯ ವೇಗದಲ್ಲಿ ಕಾದು ಸಿಡಿಯಬಹುದು. ಎಷ್ಟು ತುಂಬಿಸಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ. ಗಾಳಿ ಪಂಪು ಇಲ್ಲದ ಸದಸ್ಯರು ನಮ್ಮದನ್ನು ಒಯ್ಯಬಹುದು. ಶುಕ್ರವಾರ ಸಂಜೆ ಏಳರ ಮೇಲೆ ನಾವು ಮನೆಯಲ್ಲಿರುತ್ತೇವೆ. ಗೇಜೂ ಜೊತೆಗಿದೆ. ಹಿಂದಿರುಗಿಸುವಾಗ ಕೊಳವೆಯೊಳಗಿನ ಮರಳನ್ನು ಮಾತ್ರ ದಯವಿಟ್ಟು ಕೊಡವಿ ತನ್ನಿ.