ಫ್ರೆಂಚ್ ಓಪನ್‌ನ ಹಿರಿಯಣ್ಣ

ಅಮೆರಿಕದ ಬಿಲ್ ಟಿಲ್ಡನ್ ಪ್ಯಾರಿಸ್‌ನಲ್ಲಿ ದೊಡ್ಡ ಸಿಂಗಲ್ಸ್ ಪ್ರಶಸ್ತಿ ಗೆಲ್ಲಲಾಗದೆ ಹೋದ ಆಟಗಾರ ಎಂದೇ ಟೆನಿಸ್‌ನ ದಾಖಲೆ ಪಟ್ಟಿಗಳು ಹೇಳುತ್ತ ಬಂದಿವೆ. 1927ರ ಫ್ರೆಂಚ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರು ರೆನೆ ಲಾಕೋಸ್ಟ್‌ಗೆ ಐದನೇ ಸೆಟ್ಟನ್ನು 9–11ರಲ್ಲಿ ಬಿಟ್ಟುಕೊಟ್ಟರು. 1930ರಲ್ಲಿ ಆನ್ರಿ ಕೊಶೆ ಅಡ್ಡ ನಿಂತರು. ಆದರೆ 1921ರಲ್ಲಿ, ಪ್ಯಾರಿಸ್‌ನ ಅಂಚಿನ ಸಾಂ ಕ್ಲೂ ಉದ್ಯಾನದಲ್ಲಿ, ಇದೇ ಟಿಲ್ಡನ್ ಬೆಲ್ಜಿಯಂನ ಜಾನ್ ವಾಷರ್ ಅವರನ್ನು ಮಣಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡಿದ್ದರು. ಅವರು ಗೆದ್ದ ಟೂರ್ನಿಯ ಹೆಸರು ವಿಶ್ವ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್. 1912ರಲ್ಲಿ ಆರಂಭವಾಗಿ, ಮೊದಲ ಮಹಾಯುದ್ಧದಿಂದಾಗಿ 1915ರಿಂದ 1919ರವರೆಗೆ ನಿಂತು, 1923ರಲ್ಲಿ ಕೊನೆಗೊಂಡ ಈ ಟೂರ್ನಿ ನಡೆದದ್ದು ಏಳೇ ಬಾರಿ. 1922ರಲ್ಲಿ ಬ್ರಸೆಲ್ಸ್‌ಗೆ ಹೋದದ್ದನ್ನು ಬಿಟ್ಟರೆ ಉಳಿದ ಆರೂ ಸಲ ಸಾಂ ಕ್ಲೂನಲ್ಲಿ, ಸ್ಟಾಡ್ ಫ್ರಾನ್ಸೆ ಕ್ಲಬ್ಬಿನ ಅಂಕಣಗಳಲ್ಲಿ. ಇಂದಿನ ಫ್ರೆಂಚ್ ಓಪನ್‌ನ ನಿಜವಾದ ಪೂರ್ವಜ ಈ ಟೂರ್ನಿಯೇ. ದಾಖಲೆಗಳು ಇದನ್ನು ಪಕ್ಕಕ್ಕೆ ಸರಿಸಿದ್ದರಿಂದ ಆಟದ ಮೊದಲ ಅಧ್ಯಾಯಗಳ ಲೆಕ್ಕವೇ ತಪ್ಪಿದೆ ಎಂಬುದು ಈ ಲೇಖನದ ವಾದ.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. ಈಗ ಹಾರ್ಡ್ ಕೋರ್ಟ್ ಎಂದರೆ ಕಾಂಕ್ರೀಟು ಅಥವಾ ಡಾಂಬರಿನ ಮೇಲೆ ಬಣ್ಣ ಬಳಿದ ಗಟ್ಟಿ ನೆಲ. ಅಂದು ಹುಲ್ಲಲ್ಲದ ಹೊರಾಂಗಣವೆಲ್ಲ ಹಾರ್ಡ್ ಕೋರ್ಟೇ. ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಟ್ಟಿಗೆ ಬಾಗಿಲು ತೆರೆದ ಮೊದಲ ಟೂರ್ನಿ, 1968ರ ಬೋರ್ನ್‌ಮತ್‌ನ ಬ್ರಿಟಿಷ್ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್, ನಡೆದದ್ದೂ ಮಣ್ಣಿನ ಮೇಲೆಯೇ. ಸಾಂ ಕ್ಲೂನಲ್ಲಿದ್ದದ್ದು ಫ್ರೆಂಚರು ‘ತೆರ್ ಬಾತ್ಯು’, ಎಂದರೆ ಬಡಿದು ಸಮಮಾಡಿದ ಮಣ್ಣು, ಎಂದು ಕರೆಯುವ ನೆಲ. ನಮ್ಮ ಕ್ರೀಡಾ ಪುಟಗಳಲ್ಲಿ ಬಳಕೆಗೆ ಬಂದಿರುವ ‘ಆವೆಮಣ್ಣು’ ಎಂಬ ಮಾತು ಈ ನೆಲಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೇಲೆ ಕಾಣುವ ಕೆಂಪು, ಆವೆಯಲ್ಲಿ ಬೆಂದ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದ ಪುಡಿ. ಅದು ಒಂದೆರಡು ಮಿಲಿಮೀಟರ್ ದಪ್ಪದ ಪದರವಷ್ಟೆ. ಅದರಡಿಯಲ್ಲಿ ಸುಣ್ಣಕಲ್ಲಿನ ಪುಡಿ, ಅದಕ್ಕೂ ಕೆಳಗೆ ಕಿಟ್ಟ, ಜಲ್ಲಿ, ದಪ್ಪ ಕಲ್ಲು. ನೀರು ಚಿಮುಕಿಸದಿದ್ದರೆ ದೂಳಾಗಿ ಹಾರುತ್ತದೆ, ಹೆಚ್ಚಾದರೆ ಕೆಸರಾಗುತ್ತದೆ. ಸೆಟ್ ಮುಗಿದೊಡನೆ ಬಲೆ ಎಳೆದು ಹೆಜ್ಜೆಗುರುತು ಅಳಿಸಬೇಕು. ಚೆಂಡು ಬಿದ್ದಲ್ಲಿ ಬೊಟ್ಟಿಟ್ಟಂತೆ ಗುರುತು ಮೂಡುತ್ತದೆ. ನೆಲಕ್ಕೆ ತಾಗಿದ ಚೆಂಡು ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುವುದರಿಂದ, ಹುಲ್ಲಿನಂಕಣದಲ್ಲಿ ಒಂದೇ ಹೊಡೆತಕ್ಕೆ ಸಿಗುವ ಪಾಯಿಂಟಿಗೆ ಇಲ್ಲಿ ಹತ್ತು ಹೊಡೆತ ಬೇಕಾದೀತು. ಹೀಗೆ ಬೇರೆಯದೇ ಕಸುಬು ಬೇಡುವ ನೆಲಕ್ಕೆ ಅದರದೇ ಒಂದು ವಿಶ್ವ ಪ್ರಶಸ್ತಿ ಇರಬೇಕು ಎಂಬುದು ನ್ಯಾಯವಾದ ಯೋಚನೆಯಾಗಿತ್ತು.

ಹಾಗಾದರೆ 1891ರಿಂದ ನಡೆದುಬಂದ ಫ್ರೆಂಚ್ ಚಾಂಪಿಯನ್‌ಷಿಪ್ ಏನಾಗಿತ್ತು? ಅದು ಫ್ರಾನ್ಸಿನ ಕ್ಲಬ್ಬುಗಳ ಸದಸ್ಯರಿಗಷ್ಟೇ ಮೀಸಲಾದ ಸ್ಪರ್ಧೆ. ಇದರ ಪರಿಣಾಮ ತಿಳಿಯಲು ಮ್ಯಾಕ್ಸ್ ಡೆಕುಜಿ ಅವರೊಬ್ಬರ ಉದಾಹರಣೆ ಸಾಕು. 1903ರಿಂದ 1914ರ ನಡುವೆ ಅವರು ಎಂಟು ಬಾರಿ ಆ ಪ್ರಶಸ್ತಿ ಗೆದ್ದರು. 1912, 1913, 1914ರಲ್ಲಿ ಸಾಲಾಗಿ ಮೂರು ಸಲ. ಅದೇ ಮೂರು ವರ್ಷ ಸಾಂ ಕ್ಲೂನಲ್ಲಿ, ಹೊರಗಿನವರಿಗೂ ಬಾಗಿಲು ತೆರೆದಿದ್ದಲ್ಲಿ, ಸಿಂಗಲ್ಸ್ ಗೆದ್ದವರು ಜರ್ಮನಿಯ ಒಟ್ಟೊ ಫ್ರಾಯಿಟ್ಸ್‌ಹೈಮ್ ಮತ್ತು, ಎರಡು ಬಾರಿ, ನ್ಯೂಜಿಲೆಂಡಿನ ಆಂಟನಿ ವೈಲ್ಡಿಂಗ್. ಡೆಕುಜಿ ಅವರಿಗೆ ವಿಶ್ವ ಸಿಂಗಲ್ಸ್ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ. ಅವರು ದೊಡ್ಡ ಆಟಗಾರ, ಅನುಮಾನವಿಲ್ಲ. ಆದರೆ ಊರಿನ ಕಣವೇ ಬೇರೆ, ನಾಡಿನ ಕಣವೇ ಬೇರೆ. ಇಂದು ಫ್ರೆಂಚ್ ಓಪನ್‌ನ ಇತಿಹಾಸವೆಂದು ಅಚ್ಚಾಗುವ ಪಟ್ಟಿಗಳಲ್ಲಿ ಆ ಎಂಟು ಗೆಲುವುಗಳಿಗೆ ಜಾಗವಿದೆ, ಫ್ರಾಯಿಟ್ಸ್‌ಹೈಮ್ ಮತ್ತು ವೈಲ್ಡಿಂಗ್ ಅವರಿಗಿಲ್ಲ.

ಈ ಟೂರ್ನಿಗೆ ಮಾನ್ಯತೆಯೂ ಇತ್ತು. ಅಂತರರಾಷ್ಟ್ರೀಯ ಲಾನ್ ಟೆನಿಸ್ ಒಕ್ಕೂಟ 1913ರ ಮಾರ್ಚ್ 1ರಂದು ಪ್ಯಾರಿಸ್‌ನಲ್ಲಿ ಹುಟ್ಟಿತು. ಅದರ ಕನಸು ಕಂಡಿದ್ದ, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಅಮೆರಿಕನ್ ಡ್ವೇನ್ ವಿಲಿಯಮ್ಸ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದ್ದರು. ಒಕ್ಕೂಟ ಗುರುತಿಸಿದ ವಿಶ್ವ ಪ್ರಶಸ್ತಿಗಳು ಮೂರು: ಹುಲ್ಲಿನ ಮೇಲೆ ವಿಂಬಲ್ಡನ್, ಮಣ್ಣಿನ ಮೇಲೆ ಪ್ಯಾರಿಸ್‌ನ ಈ ಟೂರ್ನಿ, ಒಳಾಂಗಣದಲ್ಲಿ ಇನ್ನೊಂದು. 1913ರಲ್ಲಿ ವೈಲ್ಡಿಂಗ್ ಮೂರನ್ನೂ ಗೆದ್ದರು. ಮೂರು ಬಗೆಯ ನೆಲದ ಮೇಲೆ ಒಂದೇ ವರ್ಷದಲ್ಲಿ ಜಗತ್ತನ್ನೇ ಸೋಲಿಸಿದ ಸಾಧನೆಯಿದು. ದಾಖಲೆಗಳು ಅದರಲ್ಲಿ ವಿಂಬಲ್ಡನ್ ಒಂದನ್ನೇ ಎತ್ತಿ ಹಿಡಿಯುತ್ತವೆ. 1915ರ ಮೇ 9ರಂದು ವೈಲ್ಡಿಂಗ್ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಮೊದಲ ಫೈನಲ್ ಆಡಿದ್ದ ಜರ್ಮನ್ನರಾದ ಫ್ರಾಯಿಟ್ಸ್‌ಹೈಮ್ ಮತ್ತು ಆಸ್ಕರ್ ಕ್ರಾಯ್ಟ್ಸರ್, 1914ರಲ್ಲಿ ಅಮೆರಿಕದಲ್ಲಿ ಡೇವಿಸ್ ಕಪ್ ಆಡಿ ಮರಳುವಾಗ ಬ್ರಿಟಿಷರ ಸೆರೆಯಾದರು. ಅವರ ಹೆಸರುಗಳನ್ನು ನೆನಪಿಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಮಹಿಳೆಯರ ವಿಭಾಗದ ಕಥೆ ಇನ್ನೂ ಸಮೃದ್ಧ. ಮೊದಲ ವಿಜೇತೆ ಫ್ರಾನ್ಸಿನ ಮಾರ್ಗೆರಿತ್ ಬ್ರೋಕೆದಿಸ್ ಅದೇ 1912ರಲ್ಲಿ ಸ್ಟಾಕ್‌ಹೋಂ ಒಲಿಂಪಿಕ್ಸ್‌ನ ಹೊರಾಂಗಣ ಸಿಂಗಲ್ಸ್ ಚಿನ್ನವನ್ನೂ ಗೆದ್ದರು. 1914ರಲ್ಲಿ ಸುಸಾನ್ ಲೆಂಗ್ಲೆನ್ ಸಾಂ ಕ್ಲೂನಲ್ಲಿ ವಿಶ್ವ ಪ್ರಶಸ್ತಿ ಎತ್ತಿದಾಗ ಅವರಿಗೆ ಆಗಷ್ಟೇ ಹದಿನೈದು ತುಂಬಿತ್ತು. ಅಂಕಣದ ಮೇಲೆ ತಂದೆ ಅಲ್ಲಲ್ಲಿ ಹಾಸುತ್ತಿದ್ದ ಕರವಸ್ತ್ರಕ್ಕೆ ಗುರಿಯಿಟ್ಟು ಚೆಂಡು ಬೀಳಿಸುತ್ತ ಬೆಳೆದ ಹುಡುಗಿ ಅವರು. ಅದೇ ವರ್ಷದ ಫ್ರೆಂಚ್ ಚಾಂಪಿಯನ್‌ಷಿಪ್‌ನಲ್ಲಿ ಬ್ರೋಕೆದಿಸ್ ಅವರಿಂದ ಸೋತರು. ಹಾಗಾಗಿ ಫ್ರೆಂಚ್ ಪಟ್ಟಿಯ 1914ರ ಸಾಲಿನಲ್ಲಿ ಲೆಂಗ್ಲೆನ್ ಇಲ್ಲ. ಆ ವರ್ಷ ಅವರು ಗೆದ್ದದ್ದು ಅದಕ್ಕಿಂತ ದೊಡ್ಡ ಪ್ರಶಸ್ತಿಯಾಗಿದ್ದರೂ. ಮುಂದೆ 1921, 1922, 1923ರಲ್ಲೂ ವಿಶ್ವ ಪ್ರಶಸ್ತಿ ಅವರದೇ. 1921ರ ಫೈನಲ್‌ನಲ್ಲಿ ಅವರೆದುರು ನಿಂತವರು ಅಮೆರಿಕದ ಚಾಂಪಿಯನ್ ಮೊಲ್ಲಾ ಮ್ಯಾಲರಿ. ಫಲಿತಾಂಶ 6–2, 6–3. ಕೆಲವೇ ತಿಂಗಳ ನಂತರ ನ್ಯೂಯಾರ್ಕಿನಲ್ಲಿ ಕೆಮ್ಮುತ್ತ, ಅಳುತ್ತ ಪಂದ್ಯ ಬಿಟ್ಟುಕೊಟ್ಟು ಲೆಂಗ್ಲೆನ್ ಅದೇ ಮ್ಯಾಲರಿಗೆ ಸೋತ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಪ್ಯಾರಿಸ್‌ನ ಗೆಲುವು ಇಲ್ಲದೆ ಆ ಕಥೆ ಅರ್ಧ ಮಾತ್ರ.

ಇಷ್ಟು ತೂಕದ ಟೂರ್ನಿ ನಿಂತದ್ದೇಕೆ? ಆಟದ ಗುಣಮಟ್ಟ ಕುಸಿದು ಅಲ್ಲ, ಒಂದು ರಾಜಿಯಿಂದ. ವಿಂಬಲ್ಡನ್‌ಗೆ ‘ವಿಶ್ವ ಚಾಂಪಿಯನ್‌ಷಿಪ್’ ಪಟ್ಟವನ್ನು ಕಾಯಂ ಬರೆದುಕೊಟ್ಟಿದ್ದನ್ನು ಒಪ್ಪದೆ ಅಮೆರಿಕ ಹತ್ತು ವರ್ಷ ಒಕ್ಕೂಟದ ಹೊರಗೇ ಉಳಿದಿತ್ತು. 1923ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸಭೆ ವಿಶ್ವ ಎಂಬ ಪಟ್ಟವನ್ನೇ ಕೈಬಿಟ್ಟು, ಬ್ರಿಟನ್, ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಗಳ ಚಾಂಪಿಯನ್‌ಷಿಪ್‌ಗಳಿಗೆ ‘ಅಧಿಕೃತ’ ಎಂಬ ಸಮಾನ ಸ್ಥಾನ ಕೊಟ್ಟಿತು. ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳ ಬುನಾದಿ ಅದು. ಅದೇ ವರ್ಷ ಅಮೆರಿಕದ ಬಿಲ್ ಜಾನ್‌ಸ್ಟನ್ ಕೊನೆಯ ವಿಶ್ವ ಪ್ರಶಸ್ತಿ ಗೆದ್ದರು. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯಿತು; ಡ್ವೇನ್ ವಿಲಿಯಮ್ಸ್‌ರ ಮಗ, ಟೈಟಾನಿಕ್‌ನಿಂದ ಬದುಕಿ ಬಂದಿದ್ದ ರಿಚರ್ಡ್, ಅಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. 1925ರಲ್ಲಿ ಫ್ರೆಂಚ್ ಚಾಂಪಿಯನ್‌ಷಿಪ್ ಮೊದಲ ಸಲ ಹೊರದೇಶದವರಿಗೆ ತೆರೆದುಕೊಂಡಿತು. ಎಲ್ಲಿ ಗೊತ್ತೇ? ಸಾಂ ಕ್ಲೂನಲ್ಲಿ, ಅದೇ ಸ್ಟಾಡ್ ಫ್ರಾನ್ಸೆ ಅಂಕಣದಲ್ಲಿ. 1928ರಲ್ಲಿ ಡೇವಿಸ್ ಕಪ್ ಉಳಿಸಿಕೊಳ್ಳಲು ಫ್ರಾನ್ಸಿಗೆ ಹೊಸ ಕ್ರೀಡಾಂಗಣ ಬೇಕಾದಾಗ ಜಾಗ ಒದಗಿಸಿದ್ದೂ ಅದೇ ಕ್ಲಬ್ಬು. ಯುದ್ಧದಲ್ಲಿ ಮಡಿದ ತನ್ನ ಸದಸ್ಯ, ವೈಮಾನಿಕ ರೋಲಂಡ್ ಗ್ಯಾರೋಸ್ ಹೆಸರಿಡಬೇಕು ಎಂಬುದು ಅದರ ಷರತ್ತು.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅಮೆರಿಕವೇ ಸದಸ್ಯನಲ್ಲದ ಒಕ್ಕೂಟದ ಪ್ರಶಸ್ತಿ ಹೇಗೆ ವಿಶ್ವ ಪ್ರಶಸ್ತಿಯಾದೀತು ಎಂದು ಕೇಳಬಹುದು. ಮೊದಲ ವರ್ಷಗಳಿಗೆ ಈ ಮಾತು ತಕ್ಕಮಟ್ಟಿಗೆ ಸಲ್ಲುತ್ತದೆ. ಆದರೆ ಸಾಗರ ದಾಟಲು ಹಡಗೊಂದೇ ಗತಿಯಾಗಿದ್ದ ಕಾಲವದು. 1912ರ ಆಸ್ಟ್ರಲೇಷ್ಯನ್ ಚಾಂಪಿಯನ್‌ಷಿಪ್ ನ್ಯೂಜಿಲೆಂಡಿನ ಹೇಸ್ಟಿಂಗ್ಸ್ ಎಂಬ ಪುಟ್ಟ ಊರಿನಲ್ಲಿ ನಡೆಯಿತು. ಅದನ್ನು ಇಂದು ಗ್ರ್ಯಾನ್‌ಸ್ಲಾಮ್ ಎಂದೇ ಎಣಿಸುತ್ತೇವೆ. ಒಂದಕ್ಕೆ ಕೊಟ್ಟ ರಿಯಾಯಿತಿ ಇನ್ನೊಂದಕ್ಕೆ ಏಕಿಲ್ಲ? ಯುದ್ಧದ ಬಳಿಕ ಜರ್ಮನ್ನರನ್ನು ಹೊರಗಿಟ್ಟಿದ್ದರಲ್ಲ ಎಂಬುದು ಎರಡನೆಯ ಮಾತು. ನಿಜ, ಅದು ಟೂರ್ನಿಯ ಮೇಲಿನ ಕಲೆಯೇ. ಆದರೆ ಜರ್ಮನ್ನರ ಗೈರು ಆ ವರ್ಷಗಳ ವಿಂಬಲ್ಡನ್‌ಗೂ ಅಂಟಿತ್ತು. ಯಾರೂ ಅದರ ಪ್ರಶಸ್ತಿ ಕಳೆದಿಲ್ಲ. ಗಟ್ಟಿಯಾದ ಆಕ್ಷೇಪ ಮೂರನೆಯದು: 1925ರಲ್ಲಿ ತೆರೆದುಕೊಂಡದ್ದು ಹಳೆಯ ರಾಷ್ಟ್ರೀಯ ಟೂರ್ನಿ, ವಿಶ್ವ ಟೂರ್ನಿಯ ಮುಂದುವರಿಕೆಯಲ್ಲ; ಆದ್ದರಿಂದ ವಾರಸುದಾರಿಕೆ ಕಾಗದದ ಮೇಲೆ ನಿಲ್ಲದು. ಕಾಗದದ ಮಟ್ಟಿಗೆ ಒಪ್ಪಬೇಕಾದ್ದೇ. ಆದರೆ ಆ ಬಾಗಿಲು ತೆರೆದದ್ದು ವಿಶ್ವ ಟೂರ್ನಿ ಬಿಟ್ಟುಹೋದ ಜಾಗ ತುಂಬಲು. ಅದೇ ನಗರ, ಅದೇ ಮಣ್ಣು, ಅದೇ ಅಂಕಣ, ಮುಕ್ತ ಪ್ರವೇಶದ ಅದೇ ನಿಯಮ, ಬಹುಪಾಲು ಅದೇ ಆಟಗಾರರು. ಹಳೆಯ ರಾಷ್ಟ್ರೀಯ ಟೂರ್ನಿಯಿಂದ ಬಂದದ್ದು ಹೆಸರು ಮಾತ್ರ; ಜೀವ ಬಂದದ್ದು ಈ ಟೂರ್ನಿಯಿಂದ.

2017ರಲ್ಲಿ ಕೊಡಗಿನ ರೋಹನ್ ಬೋಪಣ್ಣ ಕೆನಡಾದ ಗ್ಯಾಬ್ರಿಯೇಲಾ ಡಬ್ರೊವ್‌ಸ್ಕಿ ಜೊತೆ ರೋಲಂಡ್ ಗ್ಯಾರೋಸ್‌ನಲ್ಲಿ ಮಿಶ್ರ ಡಬಲ್ಸ್ ಗೆದ್ದದ್ದು ನಮ್ಮ ಓದುಗರಿಗೆ ನೆನಪಿರಬೇಕು. ಎಲ್ಲಿಂದ ಬಂದವರಾದರೂ ಪ್ಯಾರಿಸ್‌ನ ಕೆಮ್ಮಣ್ಣಿನ ಮೇಲೆ ದೊಡ್ಡ ಪ್ರಶಸ್ತಿಗಾಗಿ ಆಡಬಹುದು ಎಂಬ ಆ ಅವಕಾಶ ಶುರುವಾದದ್ದು 1912ರಲ್ಲಿ. ಹಳೆಯ ಫ್ರೆಂಚ್ ಚಾಂಪಿಯನ್ನರ ಒಂದು ಹೆಸರನ್ನೂ ಅಳಿಸಬೇಕಾಗಿಲ್ಲ. ಅವರ ಪಟ್ಟಿಯ ಪಕ್ಕದಲ್ಲಿ, ಅಡಿಟಿಪ್ಪಣಿಯಾಗಿ ಅಲ್ಲದೆ ಅಷ್ಟೇ ದಪ್ಪ ಅಕ್ಷರದಲ್ಲಿ, ಈ ಏಳು ವರ್ಷಗಳ ವಿಜೇತರನ್ನೂ ಅಚ್ಚು ಹಾಕಲಿ: ಪುರುಷರಲ್ಲಿ ಫ್ರಾಯಿಟ್ಸ್‌ಹೈಮ್, ಎರಡು ಸಲ ವೈಲ್ಡಿಂಗ್, ವಿಲಿಯಂ ಲಾರೆಂಟ್ಸ್, ಟಿಲ್ಡನ್, ಕೊಶೆ, ಜಾನ್‌ಸ್ಟನ್, ಮಹಿಳೆಯರಲ್ಲಿ ಬ್ರೋಕೆದಿಸ್, ಜರ್ಮನಿಯ ಮೀಕೆನ್ ರೀಕ್, ಇಂಗ್ಲೆಂಡಿನ ಡೊರೊಥಿ ಹೋಲ್ಮನ್, ಮತ್ತು ನಾಲ್ಕು ಸಲ ಲೆಂಗ್ಲೆನ್.